ಬಾಗಿಲ ಬಲಗಡೆಯ ಚೀಟಿ

ಸಾಂಬ್ರಾ

ಸಾಂಬ್ರಾ ವಿಮಾನ ನಿಲ್ದಾಣದ ಬಾಗಿಲಲ್ಲಿ ಆ ಬೆಳಿಗ್ಗೆ ನಾವು ನಾಲ್ಕು ಮಂದಿ ನಿಂತಿದ್ದೆವು. ಪ್ರೊಫೆಸರ್ ಶಿವಲಿಂಗಪ್ಪನವರು, ಅವರ ಮಗಳು ಗಿರಿಜಾ, ನಾನು, ನನ್ನ ಹೆಂಡತಿ ಶಾಂತವ್ವ. ಸರ್ ಬೆಳಗಾವಿಯ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಕೆಮಿಕಲ್ ಇಂಜಿನಿಯರಿಂಗ್ ಕಲಿಸಿ ನಿವೃತ್ತರಾದವರು, ವಯಸ್ಸು ಎಪ್ಪತ್ತನಾಲ್ಕು. ನಾನು ರಾಮಪ್ಪ, ಅವರ ಲ್ಯಾಬಿನಲ್ಲಿ ಮೂವತ್ತು ವರ್ಷ ಅಟೆಂಡರ್ ಆಗಿದ್ದವನು. ಸರ್ ಎರಡು ಮೂರು ದೇಶ ನೋಡಿದವರು. ನಾನು ಗೋವಾ ದಾಟಿದವನಲ್ಲ.

ಗಿರಿಜಾ ನನ್ನನ್ನು ಪಕ್ಕಕ್ಕೆ ಕರೆದು, "ಕಾಕಾ, ಅಪ್ಪಾಗ ಹಾಲು ಕೊಡ್ಲಿ, ಮಸರು ಕೊಡ್ಲಿ, ಮೊದಲ ನೀವು ಮೂಸಿ ನೋಡ್ರಿ. ಹಳಸಿದ್ದು ಅವರಿಗೆ ತಿಳಿಯಂಗಿಲ್ಲ" ಎಂದಳು.

"ಅದೊಂದು ಹೇಳೂದ ಬ್ಯಾಡವಾ," ಎಂದಳು ಶಾಂತವ್ವ. "ಮನ್ಯಾಗ ನಾ ಮಾಡಿದ ಪಲ್ಲೇನೂ ಮೂಸೇ ತಿಂತಾರ. ನೌಕರಿ ಬಿಟ್ರೂ ಚಟ ಬಿಟ್ಟಿಲ್ಲ."

ನಾವು ಮೂವರು ನಕ್ಕೆವು. ಸರ್ ಕೇಳಿಸಿಕೊಂಡರು, ನಗಲಿಲ್ಲ.

ನಮ್ಮ ಆಯಿ, ಅಂದರೆ ನನ್ನ ಅಪ್ಪನ ತಾಯಿ, ಕತೆ ಹೇಳುವಾಗ ಸಾಯುವವರು ಯಾರು ಎಂಬುದನ್ನು ಮೊದಲೇ ಹೇಳಿಬಿಡುತ್ತಿದ್ದಳು. ನಮ್ಮೂರು ಗುಂಜಿಯಲ್ಲಿ ಎಮ್ಮೆ ಕಾಯುತ್ತ ಅವಳ ಬಾಯಿಂದ ಕನ್ನಡ ಕಲಿತವನು ನಾನು. ಅದಕ್ಕೇ ನಾನೂ ಮೊದಲೇ ಹೇಳಿಬಿಡುತ್ತೇನೆ. ಸರ್ ಮತ್ತು ನಾನು ನೇಪಾಳಕ್ಕೆ ಹೊರಟದ್ದು ದೇವರು ನೋಡಲಿಕ್ಕಲ್ಲ. ಅಲ್ಲಿ ಸಾನು ಎಂಬವನೊಬ್ಬ ಇದ್ದಾನೆ. ಇಪ್ಪತ್ತೆರಡು ವರ್ಷದ ಹಿಂದೆ ನಮ್ಮ ಲ್ಯಾಬಿನಲ್ಲಿ ಅವನಿಗೆ ವಿಷಗಾಳಿ ಬಡಿದು ಬದುಕು ಹಾಳಾಯಿತು. ತಪ್ಪು ಅವನದೇ ಎಂದು ಕಾಗದದಲ್ಲಿ ಬರೆಯಲಾಯಿತು. ತಪ್ಪು ನಮ್ಮಿಬ್ಬರದು. ಅದನ್ನು ಅವನ ಮುಂದೆ ಹೇಳಿ ಬರಲು ಹೊರಟಿದ್ದೆವು.

ಇಷ್ಟು ವರ್ಷ ಸುಮ್ಮನಿದ್ದು ಈಗ ಯಾಕೆ ಎಂದು ಕೇಳುತ್ತೀರಿ. ಹಳೆಯ ವಿದ್ಯಾರ್ಥಿಗಳು ಸರ್ ಬಗ್ಗೆ ಅಭಿನಂದನ ಗ್ರಂಥ ತರುವವರಿದ್ದರು. ನನಗೂ ಎರಡು ಪುಟ ಕೊಟ್ಟು, ಮಜಾ ಪ್ರಸಂಗಗಳಿದ್ದರೆ ಬರೀರಿ ಎಂದರು. ನಾನು ಶಿವಬಸವ ನಗರದ ಸರ್ ಮನೆಗೆ ಹೋಗಿ, ಏನು ಬರೀಲಿ ಸರ್ ಎಂದು ಕೇಳಿದೆ.

"ಸಾನೂಂದು ಬರಿ," ಎಂದರು.

"ಅದನ್ನ ಹೆಂಗ ಬರೀಲಿ ಸರ್?"

ಅವರು ಕನ್ನಡಕ ತೆಗೆದು ಒರೆಸಿದರು. "ಹಂಗಾರ ಪುಸ್ತಕ ಬ್ಯಾಡ ಅಂತ ಹೇಳಿಬಿಡು. ಮೊದಲ ಅವಂಗ ಹೇಳಿ ಬರೂಣು."

ದೆಹಲಿ

ದೆಹಲಿಯಲ್ಲಿ ಮುಂದಿನ ವಿಮಾನಕ್ಕೆ ನಾಲ್ಕು ತಾಸು ಕಾಯಬೇಕಾಯಿತು. ಸರ್ ಮೊಸರನ್ನ ತಂದರು. ನಾನು ಡಬ್ಬಿ ತೆರೆದು ಮೂಸಿ, ಹೂಂ ಎಂದು ಅವರ ಕೈಗೆ ಕೊಟ್ಟೆ. ಎದುರು ಕುಳಿತಿದ್ದ ಹೆಣ್ಣುಮಗಳು ತನ್ನ ಡಬ್ಬಿಯನ್ನೂ ಗುಟ್ಟಾಗಿ ಮೂಸಿ ನೋಡಿದಳು. ಆಮೇಲೆ ಅವಳು ಅದನ್ನು ತಿನ್ನಲೇ ಇಲ್ಲ. ನನ್ನಿಂದ ಅವಳ ಊಟ ಕೆಟ್ಟಿತು.

ಸರ್ ಹುಟ್ಟಿದ್ದು ಖಾನಾಪುರದಲ್ಲಿ. ಅಪ್ಪ ಹಂಚಿನ ಭಟ್ಟಿಯಲ್ಲಿ ಕಾರಕೂನ. ಮನೆಯ ಹಿಂದೆ ಕೆಮ್ಮಣ್ಣಿನ ರಾಶಿ, ಮುಂದೆ ಹೊಗೆ. ಆ ಮಣ್ಣಿನಲ್ಲಿ ಕಬ್ಬಿಣದ ಅಂಶ ಬಹಳ. ಅವರ ಜೀವನದ ಕೆಲಸ ನಡೆದದ್ದು ಆ ಮಣ್ಣಿನ ಮೇಲೆಯೇ. ಗೋಬರ್ ಗ್ಯಾಸಿನಲ್ಲಿ ಕೊಳೆತ ಮೊಟ್ಟೆಯ ನಾತದ ಒಂದು ವಿಷಗಾಳಿ ಬೆರೆತಿರುತ್ತದೆ. ಖಾನಾಪುರದ ಮಣ್ಣಿನಲ್ಲಿ ಬೆರಳಿನಷ್ಟು ದಪ್ಪದ ಸಣ್ಣ ಉಂಗುರ ಮಾಡಿ, ಸುಟ್ಟು, ಕೊಳವೆಯಲ್ಲಿ ತುಂಬಿ ಗ್ಯಾಸು ಹಾಯಿಸಿದರೆ ಆ ಉಂಗುರಗಳು ವಿಷವನ್ನು ಹೀರಿಕೊಳ್ಳುತ್ತವೆ. ಪರೀಕ್ಷೆಗೆಂದು ಆ ವಿಷಗಾಳಿಯನ್ನೇ ಸಿಲಿಂಡರಿನಲ್ಲಿ ತರಿಸಿ ಒಂದು ಸಣ್ಣ ಕೋಣೆಯಲ್ಲಿ ಇಟ್ಟಿದ್ದೆವು. ಕೊಳೆತ ಮೊಟ್ಟೆ ಕೊಳೆತ ಮೊಟ್ಟೆ ಎಂದು ಸರ್ ಪ್ರತಿ ವರ್ಷ ಪಾಠ ಮಾಡುತ್ತಿದ್ದರಾದರೂ ಲಿಂಗಾಯತರ ಮನೆಯ ಅವರು ಒಳ್ಳೆಯ ಮೊಟ್ಟೆಯನ್ನೂ ಮುಟ್ಟಿದವರಲ್ಲ. ಹುಡುಗರು ಹಿಂದೆ ಕೂತು ನಗುತ್ತಿದ್ದರು.

ವರ್ಷಗಟ್ಟಲೆ ಆ ಗಾಳಿಯಲ್ಲಿ ನಿಂತು ಅವರ ಮೂಗು ಸತ್ತುಹೋಯಿತು. ಒಂದು ದಿನ ನಾನು ಬಾಟಲಿಯೊಂದರ ಬಿರಡೆ ತೆಗೆದೆ. ನಾನು ಮೂಗು ಮುಚ್ಚಿಕೊಂಡು ಹಿಂದೆ ಸರಿದೆ. ಅವರು ಪಕ್ಕದಲ್ಲೇ ಶಾಂತವಾಗಿ ಬರೆಯುತ್ತಿದ್ದರು. ನಾನು ನೋಡಿದೆ, ನಾನು ನೋಡಿದ್ದನ್ನು ಅವರು ನೋಡಿದರು. ಮರುದಿನದಿಂದ ಆ ಕೋಣೆಯ ಬಾಗಿಲು ತೆರೆಯುವಾಗ ನಾನು ಅವರ ಎಡಕ್ಕೆ ನಿಲ್ಲತೊಡಗಿದೆ. ಒರೆಸುವ ಬಟ್ಟೆ ನನ್ನ ಹೆಗಲ ಮೇಲಿದ್ದರೆ ಹೋಗಬಹುದು. ಬಟ್ಟೆ ಕೈಗೆ ಬಂದರೆ ಹೋಗಬಾರದು. ಅವರು ವಿದ್ಯಾರ್ಥಿಗಳ ಮುಂದೆ ಕೈಯಿಂದ ಗಾಳಿ ಬೀಸಿಕೊಂಡು ಮೂಸಿದಂತೆ ಮಾಡುತ್ತಿದ್ದರು, ಕಣ್ಣು ಮಾತ್ರ ನನ್ನ ಹೆಗಲ ಮೇಲೆ. ಎಮ್ಮೆ ಯಾವ ಸೊಪ್ಪು ತಿಂದಿದೆ ಎಂಬುದನ್ನು ಹಾಲು ಮೂಸಿ ಹೇಳುವ ಮನೆಯವನು ನಾನು. ಅಂಥ ದೊಡ್ಡ ಮನುಷ್ಯರ ಮೂಗಾಗಿದ್ದೇನೆಂಬ ಹೆಮ್ಮೆ ನನಗೆ ಒಳಗೊಳಗೇ ಇತ್ತು.

ಹನ್ನೊಂದು ವರ್ಷ ಹೀಗೆ ನಡೆಯಿತು.

ಕಠ್ಮಂಡು

ಕಠ್ಮಂಡುವಿನ ಕಸ್ಟಮ್ಸಿನವನು ನಮ್ಮ ಚೀಲ ಬಿಚ್ಚಿಸಿದ. ಒಳಗೆ ಕುಂದಾದ ಡಬ್ಬಿ, ಅದರ ಕೆಳಗೆ ಕಟ್ಟಿದ ಬಟ್ಟೆಯಲ್ಲಿ ನೂರಾರು ಮಣ್ಣಿನ ಉಂಗುರ. ಒಂದನ್ನು ಕಿರುಬೆರಳಿಗೆ ಹಾಕಿ ತಿರುಗಿಸಿದ. ಮಾಲೆ ಮಾಡುತ್ತೀರೇನು ಎಂದು ಹಿಂದಿಯಲ್ಲಿ ಕೇಳಿದ. ಸರ್ ಪಾಠ ಶುರು ಮಾಡಿದರು, ಮಣ್ಣು, ಕಬ್ಬಿಣ, ಗಾಳಿ ತಾಕುವ ಮೈ. ಸಾಲು ಹಿಂದೆ ಬೆಳೆಯುತ್ತಿತ್ತು. ಕೊನೆಗೆ ಅವನು, "ನೀವು ಕುಂಬಾರರಾ?" ಎಂದ.

ಸರ್ ಸ್ವಲ್ಪ ಯೋಚಿಸಿ, "ಹೌದು" ಎಂದರು. ಬಿಟ್ಟುಬಿಟ್ಟ.

ಟ್ಯಾಕ್ಸಿಯಲ್ಲಿ ಕೂತಾಗ ನನಗೆ ಸಾಸಿವೆ ಎಣ್ಣೆ, ಧೂಳು, ಅಗರಬತ್ತಿ ಮೂರೂ ಕೂಡಿ ಮೂಗಿಗೆ ಬಡಿದವು. "ಹೆಂಗೈತಿ ಊರು?" ಎಂದು ಸರ್ ಕೇಳಿದರು. ಮಾರ್ಕೆಟ್ ಯಾರ್ಡಿನಲ್ಲಿ ಯಾರೋ ಒಗ್ಗರಣೆ ಹಾಕಿದಂಗ ಐತ್ರಿ ಎಂದೆ. ತಲೆ ಆಡಿಸಿದರು. ಆ ಪ್ರವಾಸದಲ್ಲಿ ಅವರು ಊರು ಕಂಡದ್ದು ಅರ್ಧ ನನ್ನ ಮೂಗಿನಿಂದ.

ಹೋಟೆಲಿನ ಕೋಣೆಯಲ್ಲಿ ಸಂಜೆ ಉಂಗುರಗಳನ್ನು ಹಾಸಿಗೆಯ ಮೇಲೆ ಸುರುವಿ, ಒಡೆದವು ಇದ್ದಾವೋ ಎಂದು ಆರಿಸುತ್ತಿದ್ದೆವು. ಇವು ಸಾನು ಬಿದ್ದ ದಿನ ಖಾನಾಪುರದ ಭಟ್ಟಿಯಿಂದ ನಾನು ತಂದ ಉಂಗುರಗಳು. ಅಚ್ಚು ಸಾನುವಿನದೇ. ಅವನು ನೇಪಾಳದ ಕುಂಬಾರರ ಊರಿನವನು. ಸರ್ ಕೈಕೆಳಗೆ ಸಂಶೋಧನೆಗೆ ಬಂದ ಹುಡುಗರಲ್ಲಿ ಮಣ್ಣನ್ನು ಕೈಯಿಂದ ಬಲ್ಲವನು ಅವನೊಬ್ಬನೇ. ಆ ಮೂಟೆ ಬಿಚ್ಚದೆ ಇಪ್ಪತ್ತೆರಡು ವರ್ಷ ಸ್ಟೋರಿನ ಮೂಲೆಯಲ್ಲಿ ಇತ್ತು.

ಆ ಕೋಣೆಗೆ ಒಂದು ನಿಯಮವಿತ್ತು. ವಿಷಗಾಳಿ ಹೆಚ್ಚಾದರೆ ಯಾರ ಮೂಗೂ ಕೆಲಸ ಮಾಡುವುದಿಲ್ಲ. ಅದಕ್ಕೇ ಬಾಗಿಲ ಬಲಗಡೆಯ ಸಂದಿಯಲ್ಲಿ ಔಷಧಿಯಲ್ಲಿ ಅದ್ದಿದ ಬಿಳಿ ಕಾಗದದ ಚೀಟಿ ಕಟ್ಟುತ್ತಿದ್ದೆವು. ಒಳಗಿನ ಗಾಳಿ ಸೋರಿದರೆ ಚೀಟಿ ಕಪ್ಪಾಗುತ್ತದೆ. ದಿನಾ ಹೊಸದು ಕಟ್ಟುವುದು ನನ್ನ ಕೆಲಸ. ಅವತ್ತು ಬೆಳಿಗ್ಗೆ ಹಳೆಯದನ್ನು ಬಿಚ್ಚಿದೆ, ಅದು ಬಿಳಿಯೇ ಇತ್ತು. ಖಾನಾಪುರದ ಬಸ್ಸಿಗೆ ಹೊತ್ತಾಗಿತ್ತು. ಬಂದು ಕಟ್ಟಿದರಾಯಿತು ಎಂದು ಓಡಿದೆ.

ಸರ್ ಬಂದಾಗ ಬಾಗಿಲಿಗೆ ಚೀಟಿಯಿಲ್ಲ, ಎಡಕ್ಕೆ ನಾನಿಲ್ಲ. ಹಿಂದೆ ಹತ್ತು ಹೆಜ್ಜೆ ದೂರದಲ್ಲಿ ಎಂಟು ಹುಡುಗರು ನಿಂತಿದ್ದಾರೆ. ಇವತ್ತು ಬೇಡ ಎಂದರೆ ಯಾಕೆ ಎನ್ನುತ್ತಾರೆ. ಸರ್ ಬಾಗಿಲು ಸ್ವಲ್ಪ ತೆರೆದು ಕೈ ಬೀಸಿ ಮೂಸಿದರು. "ಏನೂ ಇಲ್ಲ, ಹೋಗು" ಎಂದರು. ನೆಗಡಿಯಿಂದ ಮೂಗು ಕಟ್ಟಿದ್ದ ಸಾನು ಹೋದ. ನಾನು ಹೋದ ಮೇಲೆ ಸಿಲಿಂಡರು ಸೋರಿತ್ತು, ಒಳಗೆ ಕಾಲಿಟ್ಟವನು ಬಿದ್ದ.

ಮಧ್ಯಾಹ್ನ ನಾನು ಮೂಟೆ ಹೊತ್ತುಕೊಂಡು ಬಂದಾಗ ಅವನನ್ನು ಆಸ್ಪತ್ರೆಗೆ ಒಯ್ದಿದ್ದರು. ಎಲ್ಲ ಕಿಟಕಿ ತೆರೆದಿದ್ದವು, ಲ್ಯಾಬಿನಲ್ಲಿ ಯಾರೂ ಇರಲಿಲ್ಲ. ನಾನು ಒಂದು ಚೀಟಿ ತೆಗೆದು, ಉಳಿದಿದ್ದ ಗಾಳಿಗೆ ಹಿಡಿದು, ಕಪ್ಪಾದ ಮೇಲೆ ಬಾಗಿಲ ಬಲಗಡೆ ಕಟ್ಟಿದೆ. ಸರ್ ಉಳಿಯಲಿ ಎಂದು ಮಾಡಿದೆ. ನಾನು ಉಳಿಯಲಿ ಎಂದೂ ಮಾಡಿದೆ. ಮರುದಿನ ಬಂದ ಸಮಿತಿ ಚೀಟಿ ನೋಡಿ ಬರೆಯಿತು: ವಿದ್ಯಾರ್ಥಿ ಎಚ್ಚರಿಕೆ ಕಂಡೂ ಒಳಗೆ ಹೋಗಿದ್ದಾನೆ. ಹಿಂದೆ ನಿಂತಿದ್ದ ಹುಡುಗರನ್ನು ಯಾರೂ ಕೇಳಲಿಲ್ಲ.

ಈ ಮಾತನ್ನು ನಾವಿಬ್ಬರು ಎಂದೂ ಎತ್ತಿರಲಿಲ್ಲ. ಸರ್‌ಗೆ ಗೊತ್ತಿದೆಯೋ ಇಲ್ಲವೋ ಎಂಬುದೂ ನನಗೆ ಗೊತ್ತಿರಲಿಲ್ಲ. ಉಂಗುರ ಆರಿಸುತ್ತ ಅವರು ತಲೆ ಎತ್ತದೆ ಹೇಳಿದರು.

"ಆ ಚೀಟಿ ನೀ ಕಟ್ಟಿದ್ದು ಅಂತ ನನಗ ಅವತ್ತ ಗೊತ್ತಾತು, ರಾಮಪ್ಪ."

"ಹೆಂಗ್ರಿ ಸರ್?"

"ಎಮ್ಮಿ ಕಟ್ಟೂ ಗಂಟು ಹಾಕಿದ್ದಿ. ಗುಂಜಿಯವನ್ನ ಬಿಟ್ರ ಆ ಕಾಲೇಜಿನ್ಯಾಗ ಯಾರಿಗೆ ಬರ್ತಿತ್ತು ಅದು? ನೋಡಿದೆ. ಬಾಯಿ ಮುಚ್ಚಿಕೊಂಡೆ." ಒಡೆದ ಉಂಗುರವೊಂದನ್ನು ಬದಿಗಿಟ್ಟರು. "ನಾಳೆ ನಾ ನಂದಷ್ಟ ಹೇಳ್ತೀನಿ. ಚೀಟಿ ಮಾತು ತಗ್ಯಾಂಗಿಲ್ಲ. ಅದು ನಿಂದು, ನಿನಗ ಬಿಟ್ಟದ್ದು."

ಥಿಮಿ

ಥಿಮಿ ಕಠ್ಮಂಡುವಿನ ಹೊರಗಿನ ಕುಂಬಾರರ ಊರು. ಓಣಿಯ ಚೌಕದಲ್ಲಿ ಹಸಿ ಗಡಿಗೆಗಳನ್ನು ಬಿಸಿಲಿಗೆ ಇಟ್ಟಿದ್ದರು. ನಾಯಿಗಳೂ ಅವುಗಳ ನಡುವೆ ಹುಷಾರಾಗಿ ನಡೆಯುತ್ತಿದ್ದವು. ನಮ್ಮಲ್ಲಿ ಭಟ್ಟಿಗೆ ಇಟ್ಟಂಗಿಯ ಗೋಡೆ. ಇಲ್ಲಿ ಗಡಿಗೆಯ ರಾಶಿಗೆ ಹುಲ್ಲು ಹೊದಿಸಿ, ಮೇಲೆ ಬೂದಿ ಮೆತ್ತಿ ಹಾಗೇ ಸುಡುತ್ತಾರೆ. ಹೊಗೆ ಮಾತ್ರ ಒಂದೇ. "ಖಾನಾಪುರದ ವಾಸನಿ ಸರ್" ಎಂದೆ. ಅವರು ನಿಂತು, ಅರವತ್ತು ವರ್ಷದ ಹಿಂದಿನದೇನಾದರೂ ಬಂದೀತೇನೋ ಎಂಬಂತೆ ಉಸಿರೆಳೆದರು. ಏನೂ ಬಂದಂತೆ ಕಾಣಲಿಲ್ಲ.

ಸಾನು ಇರುವುದು ಅಕ್ಕ ಲಕ್ಷ್ಮೀ ದೀದಿಯ ಮನೆಯಲ್ಲಿ. ಅವನು ಬಿದ್ದಾಗ ಬೆಳಗಾವಿಗೆ ಬಂದು ಮೂರು ತಿಂಗಳು ಆಸ್ಪತ್ರೆಯಲ್ಲಿ ಕಾದವರು ಅವರು. ನಮ್ಮನ್ನು ಕಂಡಕೂಡಲೇ, "ಊಟ ಆತೇನ್ರಿ?" ಎಂದರು. ಅವರಿಗೆ ಉಳಿದಿದ್ದ ಕನ್ನಡ ಅಷ್ಟೇ. ಮುಂದೆಲ್ಲ ಹಿಂದಿ. ನನ್ನನ್ನು ದಾಯಿ, ಅಂದರೆ ಅಣ್ಣ ಎಂದು ಕರೆದರು. ಆ ಮನೆಗಳ ಬಾಗಿಲು ಎಷ್ಟು ಗಿಡ್ಡವೆಂದರೆ ಒಳಗೆ ಹೋಗುವಾಗ ನನ್ನ ಹಣೆ ಚೌಕಟ್ಟಿಗೆ ಬಡಿಯಿತು. ದೀದಿ ನಕ್ಕು ಅರಿಸಿನ ತಂದರು.

ಆಗ ಹೊರಗಿನಿಂದ ಸಾನು ಬಂದ. ಕೂದಲು ನೆರೆತಿದೆ, ಎರಡೂ ಕೈ ನಡುಗುತ್ತವೆ. ಬಾಗಿಲಿಗೆ ಬಂದವನು ಒಳಗೆ ಬರಲಿಲ್ಲ. ನಿಂತು, ಬಲಗಡೆಯ ಸಂದಿಯನ್ನು ಮೇಲಿಂದ ಕೆಳಗೆ ನೋಡಿದ. ಅಲ್ಲಿ ಏನೂ ಇರಲಿಲ್ಲ. ಮತ್ತೊಮ್ಮೆ ನೋಡಿದ.

"ಬಾ ಬಾ," ಎಂದರು ದೀದಿ, ರೂಢಿಯಾದ ಬೇಸರದಲ್ಲಿ. ನಮಗೆ ಹೇಳಿದರು: "ಯಾವ ಬಾಗಿಲಿಗೂ ಹೀಗೆಯೇ. ಗುಡಿಗೂ, ಅಂಗಡಿಗೂ. ಓಣಿಯ ಮಕ್ಕಳು ಇವನ ಹಾಗೆ ನಿಂತು ಅಣಕ ಮಾಡುತ್ತವೆ. ಅವತ್ತು ಒಂದು ಸಲ ನೋಡಿದ್ದರೆ ಸಾಕಿತ್ತು. ಈಗ ದಿನಕ್ಕೆ ನೂರು ಸಲ ನೋಡುತ್ತಾನೆ."

ನಾನು ಸರ್ ಮುಖ ನೋಡಲಿಲ್ಲ.

ಸಾನು ಒಳಗೆ ಬಂದು ಸರ್ ಗುರುತು ಹಿಡಿದ. "ಬರ್ರಿ ಸರ್, ಕುಂದರ್ರಿ" ಎಂದ, ಹಾಸ್ಟೆಲಿನಲ್ಲಿ ಕಲಿತ ಅದೇ ನಮ್ಮ ಕನ್ನಡ. "ರಾಮಪ್ಪಣ್ಣಾ, ಉಂಗುರ ಬಂದ್ವೇನ?" ನಾನು ಗಂಟು ಬಿಚ್ಚಿ ಅವನ ಮುಂದಿಟ್ಟೆ. ಒಂದೊಂದೇ ಎತ್ತಿ ಬೆರಳಿಂದ ಅಂಚು ಸವರಿ ನೋಡತೊಡಗಿದ.

ದೂರದಿಂದ ಬಂದವರಿಗೆ ಶುಭವಾಗಲೆಂದು ದೀದಿ ತಟ್ಟೆ ತಂದರು. ಬೇಯಿಸಿದ ಮೊಟ್ಟೆ, ಒಣ ಮೀನು, ಸಣ್ಣ ಬಟ್ಟಲಲ್ಲಿ ಮನೆಯಲ್ಲೇ ಇಳಿಸಿದ ಸಾರಾಯಿ. ಬೇಡ ಎಂದರೆ ಅಪಶಕುನ. ಸರ್ ಮೊಟ್ಟೆಯನ್ನು ಬಲಗೈಯಲ್ಲಿ ಹಿಡಿದರು. ಎಪ್ಪತ್ತನಾಲ್ಕು ವರ್ಷದಲ್ಲಿ ಮೊದಲ ಸಲ. ಎಲ್ಲಿಡುವುದೆಂದು ತಿಳಿಯದೆ ಹಿಡಿದೇ ಮಾತಾಡಿದರು.

"ಲಕ್ಷ್ಮೀ ಬೆಹೆನ್, ನನಗೆ ವಾಸನೆ ತಿಳಿಯುವುದಿಲ್ಲ. ಆಗಲೂ ತಿಳಿಯುತ್ತಿರಲಿಲ್ಲ. ಹನ್ನೊಂದು ವರ್ಷ ಮುಚ್ಚಿಟ್ಟಿದ್ದೆ. ಏನೂ ಇಲ್ಲ ಹೋಗು ಎಂದು ಇವನಿಗೆ ಹೇಳಿದವನು ನಾನು. ಆಮೇಲೆ ತಪ್ಪು ಇವನದೆಂದು ಬರೆದಾಗ ಸುಮ್ಮನಿದ್ದವನೂ ನಾನೇ."

ದೀದಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅಷ್ಟರಲ್ಲಿ ಸಾನುವೇ ಸರ್ ಮೊಣಕೈ ಮುಟ್ಟಿ ಸಮಾಧಾನ ಹೇಳಿದ.

"ಇಲ್ಲ ಸರ್. ಹಂಗನಬ್ಯಾಡ್ರಿ. ಚೀಟಿ ಕಪ್ಪಾಗಿತ್ತು. ನಾ ನೋಡ್ಲಿಲ್ಲ. ನಂದ ತಪ್ಪು."

ಅವತ್ತಿನದು ಅವನಿಗೆ ಒಂದಿಷ್ಟೂ ನೆನಪಿಲ್ಲ. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಅವನಿಗೆ ಹೇಳಿದ್ದು ಇದು. ಇಪ್ಪತ್ತೆರಡು ವರ್ಷ, ಗಡಿಗೆ ಕೈಜಾರಿದಾಗಲೆಲ್ಲ ಅಕ್ಕ ಹೇಳಿದ್ದೂ ಇದನ್ನೇ.

ಸರ್ ನನ್ನ ಕಡೆ ನೋಡಲಿಲ್ಲ. ಬೇಕಂತಲೇ ಗೋಡೆ ನೋಡುತ್ತಿದ್ದರು. ನನ್ನ ಹಿಂದಿ ಹರಕು ಮುರುಕು, ಆದರೂ ಸಾಕಾಗುವಷ್ಟು ಇತ್ತು.

"ಚೀಟಿ ಇರಲೇ ಇಲ್ಲ ದೀದಿ. ನಾನು ಕಟ್ಟಿರಲಿಲ್ಲ. ಕಪ್ಪು ಚೀಟಿಯನ್ನು ಇವನು ಬಿದ್ದ ಮೇಲೆ ಮಧ್ಯಾಹ್ನ ನಾನು ಕಟ್ಟಿದೆ."

ದೀದಿ ತಮ್ಮನನ್ನು ನೋಡಿದರು, ಬಾಗಿಲನ್ನು ನೋಡಿದರು. ಎದ್ದು ಹೋಗಿ ಹಿಂದಿನ ಅಂಗಳದಲ್ಲಿ ನಿಂತರು. ಮರಳಿ ಬಂದಾಗ ಮುಖ ತೊಳೆದಿದ್ದರು. ನಾವು ತಂದುಕೊಟ್ಟಿದ್ದ ಕುಂದಾದ ಡಬ್ಬಿಯನ್ನು ಎತ್ತಿ ಮರಳಿ ನನ್ನ ಕೈಗೆ ಕೊಟ್ಟರು.

"ಸಾವಿರ ಸಲ ಬೈದಿದ್ದೇನೆ ಇವನಿಗೆ," ಎಂದರು. "ಒಮ್ಮೆ ಹೊಡೆದೂ ಇದ್ದೇನೆ. ನನ್ನ ಬಾಯಿಂದ ನೀವು ಬೈಸಿದಿರಿ."

ಹೊರಡುವಾಗ ಅವರು ನನ್ನನ್ನು ದಾಯಿ ಎನ್ನಲಿಲ್ಲ. ಸರ್ ಆ ಮೊಟ್ಟೆಯನ್ನು ಹೋಟೆಲಿನ ತನಕ ಹಿಡಿದುಕೊಂಡೇ ಬಂದರು.

ಥಿಮಿ, ಮರುದಿನ

ಮರುದಿನ ಮತ್ತೆ ಹೋದೆವು. ಕರೆದಿರಲಿಲ್ಲ. ಸಾನು ಬಾಗಿಲಲ್ಲೇ ಇದ್ದ. ಮುಖವರಳಿಸಿ, "ಬರ್ರಿ ಸರ್. ಯಾವಾಗ ಬಂದ್ರಿ?" ಎಂದ.

ಸಾವಿರ ಸಲ ಕೇಳಿದ್ದನ್ನು ಬಿಟ್ಟರೆ ಹೊಸದು ಅವನ ತಲೆಯಲ್ಲಿ ನಿಲ್ಲುವುದಿಲ್ಲವೆಂದು ದೀದಿ ಹೇಳಿದರು. ಮುಂಜಾನೆ ತಾವೇ ಕೂಡಿಸಿಕೊಂಡು ತಪ್ಪು ನಿನ್ನದಲ್ಲ ಎಂದು ಹೇಳಿದ್ದರಂತೆ. ಹೂಂ ಎಂದನಂತೆ. ಅಂಗಳಕ್ಕೆ ಹೋಗಿ ಬಂದವನು ಮತ್ತೆ ಬಾಗಿಲಲ್ಲಿ ನಿಂತು ಸಂದಿ ನೋಡಿದನಂತೆ.

ಸರ್ ಅವನ ಮುಂದೆ ಕೂತು ಮೊದಲಿನಿಂದ ಎಲ್ಲವನ್ನೂ ಹೇಳಿದರು. ನಾನೂ ಹೇಳಿದೆ. ಅವನು ಮತ್ತೆ ಅದೇ ಪ್ರೀತಿಯಿಂದ, ನಂದ ತಪ್ಪು ಸರ್ ಎಂದ. ಒಮ್ಮೆ ಹೇಳಿ ಹಗುರಾಗಿ ಬರಬಹುದೆಂದು ಹೋಗಿದ್ದ ನಮಗೆ ಆ ಸವಲತ್ತು ಅಲ್ಲಿ ಸಿಗಲಿಲ್ಲ.

"ಬರೆದು ಕೊಡಿ," ಎಂದರು ದೀದಿ. "ಇಬ್ಬರೂ ರುಜು ಹಾಕಿ. ಇವನು ಓದುತ್ತಾನೆ."

ಸರ್ ಹಿಂದಿಯಲ್ಲಿ ಬರೆದರು. ನನಗೆ ಬರೆಯಲು ಬರುವುದು ಕನ್ನಡ ಒಂದೇ. ಸಾನು ಬೆಳಗಾವಿಯಲ್ಲಿ ಬಸ್ಸಿನ ಬೋರ್ಡು ಓದಿ ಓದಿ ಕನ್ನಡ ಕಲಿತವನು, ಹಳೆಯದು ಅವನಿಗೆ ಉಳಿದಿದೆ. ಹಾಳೆಯ ಕೆಳಗಿನ ಅರ್ಧದಲ್ಲಿ ನಾನು ದೊಡ್ಡ ಅಕ್ಷರದಲ್ಲಿ ಬರೆದೆ: ಸಾನು, ಅವತ್ತು ಬಾಗಿಲಿಗೆ ಚೀಟಿ ಇರಲಿಲ್ಲ. ನೀನು ಬಿದ್ದ ಮೇಲೆ ಕಪ್ಪು ಚೀಟಿ ಕಟ್ಟಿದವನು ರಾಮಪ್ಪ. ಸರ್ ಹೋಗು ಅಂದರು, ನೀನು ಹೋದೆ. ತಪ್ಪು ನಿನ್ನದಲ್ಲ.

ಅವನು ಬೆರಳಿಟ್ಟು ಮಕ್ಕಳ ಹಾಗೆ ಕೂಡಿಸಿ ಕೂಡಿಸಿ ಓದಿದ. ಮುಗಿದ ಮೇಲೆ ನನ್ನನ್ನು ನೋಡಿದ. "ಯಾಕ ರಾಮಪ್ಪಣ್ಣ?" ಎಂದ. ಅಷ್ಟೇ ಕೇಳಿದ. ನಾನು ಹೇಳುವುದರೊಳಗೆ ಅವನ ಕೈ ಉಂಗುರಗಳ ಕಡೆ ಹೋಗಿತ್ತು.

ಬೆಳಗಾವಿ

ಸರ್ ಅದೇ ಮಾತನ್ನು ಕಾಲೇಜಿಗೂ ಬರೆದು ಕೊಟ್ಟರು. ಈಗಿನವರು ಕುರ್ಚಿ ಹಾಕಿ, ಚಹಾ ಕೊಟ್ಟು, "ಈಗ್ಯಾಕ ಸರ್ ಇದೆಲ್ಲಾ" ಎಂದರು. ಹಳೆಯ ಕಡತ ಸಿಕ್ಕಿದರೆ ತಿಳಿಸುತ್ತೇವೆ ಎಂದರು. ಅಭಿನಂದನ ಗ್ರಂಥ ನಿಂತುಹೋಯಿತು. ಸರ್ ಹಾಗೂ ಹೀಗೂ ನಾಲ್ಕು ಸಲ ವಿಚಾರಿಸಲು ಹೋದರು. ನಾಲ್ಕನೆಯ ಸಲ ಮೆಟ್ಟಿಲ ಮೇಲೆ ಕೂತು ದಣಿವಾರಿಸಿಕೊಂಡು, "ಮುಂದಿನ ವಾರ ಮತ್ತ ಬರೂಣು" ಎಂದರು. ಶ್ರಾವಣದಲ್ಲಿ ತೀರಿಕೊಂಡರು. ಮಣ್ಣು ಮಾಡಿದ್ದು ಖಾನಾಪುರದಲ್ಲಿ, ಅದೇ ಕೆಂಪು ಮಣ್ಣಿನಲ್ಲಿ.

ಸುದ್ದಿ ತಿಳಿಸಲು ನಾನು ಥಿಮಿಗೆ ಫೋನ್ ಮಾಡಿದ್ದೆ. ದೀದಿ ಕೇಳಿಸಿಕೊಂಡು ಇಟ್ಟುಬಿಟ್ಟರು. ದಸರೆಯಾದ ಮೇಲೆ ಒಂದು ಮಧ್ಯಾಹ್ನ ಅವರೇ ಫೋನ್ ಮಾಡಿದರು. ಆ ಹಾಳೆಯನ್ನು ಅವರು ಬಾಗಿಲ ಬಲಗಡೆಯ ಸಂದಿಯಲ್ಲಿ, ಸಾನುವಿನ ಕಣ್ಣಿನ ಎತ್ತರಕ್ಕೆ ಮೊಳೆ ಹೊಡೆದು ಹಾಕಿದ್ದಾರೆ. ಅವನು ಬಂದು ನಿಲ್ಲುತ್ತಾನಂತೆ, ಗಟ್ಟಿಯಾಗಿ ಓದುತ್ತಾನಂತೆ, ಆಮೇಲೆ ಒಳಗೆ ಬರುತ್ತಾನಂತೆ. ದಿನಕ್ಕೆ ಎಷ್ಟು ಸಲ ಹೊರಗೆ ಹೋಗಿ ಬಂದರೂ ಅಷ್ಟೂ ಸಲ ಓದುತ್ತಾನಂತೆ. ಈ ಸಲದ ಮಳೆಗೆ ಅಕ್ಷರ ಕಲೆಸಿಹೋಗಿವೆ, ಇನ್ನೊಂದು ಬರೆದು ಕಳಿಸಿ ಎಂದರು.

ಅವತ್ತೇ ಕೂತು ಬರೆದೆ. ಸರ್ ಬರೆದಿದ್ದ ಹಿಂದಿಯ ಭಾಗವನ್ನು ಗಿರಿಜಾಳಿಂದ ಬರೆಸಿದೆ. ಕೆಳಗೆ ರುಜು ನನ್ನದೊಂದೇ ಹಾಕಿ, ಅಂಚೆಗೆ ಕೊಟ್ಟು ಬಂದೆ.